ಗುಡ್ಡಕ್ಕೆ ಬೆಂಕಿ ಬಿದ್ದಾಗ ಊರಿನವರು ಮಾಡಬೇಕಾದ್ದು

ಭದ್ರಾವತಿ ತಾಲ್ಲೂಕಿನ ಮೂಡಲ ಅಂಚಿನಲ್ಲಿ ಗುಡ್ಡದ ಬುಡಕ್ಕೆ ನನ್ನ 5 ಎಕರೆ ಖುಷ್ಕಿ ಜಮೀನಿದೆ. ಭದ್ರಾ ನಾಲೆಯ ನೀರು ನಮಗಿಂತ ಕೆಳಗಿನ ಊರುಗಳಿಗೆ ಹೋಗುತ್ತದೆ. ನಮಗೆ ಮಳೆಯೇ ಗತಿ. ಮೆಕ್ಕೆಜೋಳ, ರಾಗಿ, ಸ್ವಲ್ಪ ಶೇಂಗಾ. ಹೊಲದ ಬದು ಮುಗಿದಲ್ಲೇ ಕಾಡು ಶುರು. ತೇಗ, ಮತ್ತಿ, ದಿಂಡಿಗ, ಬಿದಿರು, ಅದರ ಕೆಳಗೆ ಮೈತುಂಬ ಲಂಟಾನ. ಫೆಬ್ರವರಿ ಬಂತೆಂದರೆ ಮಂಡಿಯುದ್ದ ದರಗು.

2019ರ ಮಾರ್ಚ್. ಬಂಡೀಪುರ ಹೊತ್ತಿ ಉರಿದು ಇನ್ನೂ ತಿಂಗಳಾಗಿರಲಿಲ್ಲ. ಅಲ್ಲಿ 4,400 ಹೆಕ್ಟೇರಿಗೂ ಮೇಲೆ ಸುಟ್ಟಿದೆ ಅಂತ ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕಿದ್ದರು. ವಾಯುಸೇನೆಯ ಹೆಲಿಕಾಪ್ಟರ್ ನೀರು ಹೊತ್ತು ತಂದು ಸುರಿದದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೆವು. ಅದು ದೂರದ ಮಾತು ಅಂದುಕೊಂಡಿದ್ದೆವು.

ನಮ್ಮಲ್ಲಿ ಬೆಂಕಿ ಹೊತ್ತಿದ್ದು ಮಧ್ಯಾಹ್ನ ಎರಡು ಗಂಟೆಗೆ, ನಮ್ಮವರದೇ ಹೊಲದ ಬದುವಿನಿಂದ. ಬದು ಸ್ವಚ್ಛ ಮಾಡಲು ಕಡ್ಡಿ ಗೀರಿದ್ದು. ಯಾರು ಅಂತ ಬರೆಯುವುದಿಲ್ಲ, ಆತನೂ ಈ ಪತ್ರಿಕೆ ಓದುತ್ತಾನೆ. ಹಿಂದಿನ ವರ್ಷ ನಾನೂ ಅದೇ ಬದುವಿಗೆ ಅದೇ ಹೊತ್ತಿನಲ್ಲಿ ಬೆಂಕಿ ಕೊಟ್ಟಿದ್ದೆ. ಅವತ್ತು ಗಾಳಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲು ನಾವು ಮಾಡಿದ್ದೆಲ್ಲ ತಪ್ಪು. ಹೆಂಗಸರು ಮಕ್ಕಳು ಕೊಡಪಾನದಲ್ಲಿ ನೀರು ತಂದು ಬೆಂಕಿಯ ಮುಖಕ್ಕೇ ಎರಚಿದರು. ಆ ಝಳಕ್ಕೆ ಹತ್ತಿರ ಹೋಗಲಿಕ್ಕೇ ಆಗಲಿಲ್ಲ. ಏಳೆಂಟು ಹುಡುಗರು ಒಳದಾರಿಯಿಂದ ಗುಡ್ಡ ಹತ್ತಿ, ಬೆಂಕಿಯನ್ನು ಮೇಲಿನಿಂದ ತಡೆಯಲು ಹೋದರು. ಅಷ್ಟರಲ್ಲಿ ಬಂದ ಅರಣ್ಯ ರಕ್ಷಕರು ನೋಡಿದವರೇ ಕೂಗಿಕೊಂಡರು: "ಯಜಮಾನ್ರೇ, ಬೆಂಕಿ ಹಾಳಾಗ್ಲಿ, ಮೊದ್ಲು ಹುಡುಗ್ರನ್ನ ಕೆಳಗೆ ಕರೀರಿ!"

ಆಮೇಲೆ ಅವರು ಕಾರಣ ಹೇಳಿದರು. ಬೆಂಕಿ ಬಯಲಿನಲ್ಲಿ ನಡೆದರೆ ಏರಿನಲ್ಲಿ ಓಡುತ್ತದೆ. ಬಿಸಿ ಗಾಳಿ ಮೇಲಕ್ಕೆ ನುಗ್ಗುವುದರಿಂದ ಮೇಲಿನ ಹುಲ್ಲು, ದರಗು ಬೆಂಕಿ ತಾಗುವ ಮೊದಲೇ ಒಣಗಿ ಕಾದು ನಿಂತಿರುತ್ತದೆ. ಮನುಷ್ಯ ಏರು ಹತ್ತುವ ವೇಗ ಅದರ ಮುಂದೆ ಏನೂ ಅಲ್ಲ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು 20ಕ್ಕೂ ಹೆಚ್ಚು ಮಂದಿ ಸತ್ತದ್ದು ಇಂಥ ಹುಲ್ಲಿನ ಇಳಿಜಾರಿನಲ್ಲೇ. 2017ರಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಸುಟ್ಟು ತೀರಿಕೊಂಡರು. ಕಾಡಿನ ಕೆಲಸ ಗೊತ್ತಿದ್ದವರಿಗೇ ಹೀಗಾದರೆ ನಮ್ಮ ಹುಡುಗರ ಗತಿ ಏನು? ಬೆಂಕಿಯ ಮೇಲುಗಡೆ ನಿಲ್ಲಬಾರದು. ಒಣ ಹಳ್ಳದ ಕಿರಿದಾದ ಕೊರಕಲಿನಲ್ಲಂತೂ ಇಳಿಯಲೇಬಾರದು, ಅದು ಒಲೆಗೆ ಕಟ್ಟಿದ ಹೊಗೆಗೂಡಿನ ಹಾಗೆ ಎಳೆಯುತ್ತದೆ. ಓಡುವ ಪ್ರಸಂಗ ಬಂದರೆ ಬದಿಗೆ, ಇಲ್ಲವೇ ಆಗಲೇ ಸುಟ್ಟು ಆರಿದ ಕರಿ ನೆಲಕ್ಕೆ.

ಹಾಗಾದರೆ ಆರಿಸುವುದು ಎಲ್ಲಿಂದ? ಬಾಲದಿಂದ. ಹೊತ್ತಿಕೊಂಡ ಜಾಗದಿಂದ ಶುರು ಮಾಡಿ ಎರಡೂ ಪಕ್ಕೆ ಬಡಿಯುತ್ತ ಮುಂದಕ್ಕೆ ಹೋಗಬೇಕು. ಹಸಿ ಸೊಪ್ಪಿನ ಕೊಂಬೆಯಿಂದ ಬೆಂಕಿಯನ್ನು ಸುಟ್ಟ ಕಡೆಗೇ ತಳ್ಳುವಂತೆ ಹೊಡೆಯಬೇಕು. ಎತ್ತಿ ಎತ್ತಿ ಬಡಿದರೆ ಕಿಡಿ ಹಾರಿ ಹೊಸ ಜಾಗಕ್ಕೆ ಬೀಳುತ್ತದೆ. ಒಬ್ಬ ಬಡಿದಂತೆ ಇನ್ನೊಬ್ಬ ಹಿಂದೆ ಬಂದು ಉಳಿದ ಕೆಂಡಕ್ಕೆ ಮಣ್ಣು ಹಾಕಬೇಕು. ಔಷಧಿ ಹೊಡೆಯುವ ಬೆನ್ನಿನ ಪಂಪು ಈ ಕೆಲಸಕ್ಕೆ ಬಹಳ ಒಳ್ಳೆಯದು. 16 ಲೀಟರ್ ನೀರು ಬಿಂದಿಗೆಯಲ್ಲಿ ಎರಚಿದರೆ ಒಂದು ಗಳಿಗೆಗೆ ಮುಗಿಯುತ್ತದೆ, ಪಂಪಿನಲ್ಲಿ ಎಷ್ಟೋ ಮಾರು ದೂರ ಬರುತ್ತದೆ. ಹಳೆಯ ಔಷಧಿ ಉಳಿದಿರದಂತೆ ತೊಳೆದಿರಬೇಕು.

ನಮ್ಮ ಬೆಂಕಿ ಗುಡ್ಡದ ನೆತ್ತಿ ದಾಟಿತು. ಊರಿನವರು ಉಸಿರು ಬಿಟ್ಟರು. ಆದರೆ ಒಂದು ಪಕ್ಕೆ ಸದ್ದಿಲ್ಲದೆ ಅಡ್ಡಡ್ಡ ತೆವಳಿ ಊರಿನ ಹಿತ್ತಲ ಕಡೆ ಬರ್ತಾ ಇತ್ತು. ಸೂರ್ಯ ಮುಳುಗಿದ ಮೇಲೆ ಗುಡ್ಡದ ತಣ್ಣನೆ ಗಾಳಿ ಕೆಳಕ್ಕೆ ಬೀಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅವತ್ತು ಅದೇ ಗಾಳಿ ಕಿಡಿ ಹೊತ್ತು ತಂತು. ಬಿದಿರು ಪಟಾಕಿಯ ಹಾಗೆ ಸಿಡಿಯುತ್ತಿತ್ತು.

ಊರು ಉಳಿಸಿದ್ದು ಒಂದು ಗಾಡಿದಾರಿ. ಕಾಡಿಗೂ ಹಿತ್ತಲಿಗೂ ನಡುವೆ ಇದ್ದ ಆ ದಾರಿಯ ಪಕ್ಕದಲ್ಲಿ ಎರಡು ಟ್ರ್ಯಾಕ್ಟರ್ ಕಲ್ಟಿವೇಟರ್ ಕಟ್ಟಿ ಮೆಕ್ಕೆಜೋಳದ ಕೂಳೆ ಮಗುಚಿದವು. ನಾವು ಗುದ್ದಲಿ, ಕೈಕುಂಟೆ, ಕಸಬರಿಗೆ ಹಿಡಿದು ದರಗು ಗುಡಿಸಿದೆವು. ಗುಡಿಸಿದ್ದನ್ನು ಊರ ಕಡೆಗೆ ಹಾಕಬೇಕು, ಕಾಡಿನ ಕಡೆ ರಾಶಿ ಮಾಡಿದರೆ ಬೆಂಕಿಗೆ ಸೌದೆ ಒಟ್ಟಿದ ಹಾಗೆ. ಬರೀ ಮಣ್ಣು ಕಾಣುವ ತನಕ ಕೆರೆಯಬೇಕು. 12 ಅಡಿ ಅಗಲ ಆದ ಮೇಲೆ ಅರಣ್ಯ ಇಲಾಖೆಯವರು ದಾರಿಯ ಕಾಡಿನ ಅಂಚಿಗೆ ತಾವೇ ಎದುರು ಬೆಂಕಿ ಕೊಟ್ಟರು. ಅದು ನಿಧಾನ ಒಳಕ್ಕೆ ಸುಡುತ್ತ ಹೋಗಿ ದೊಡ್ಡ ಬೆಂಕಿಗೆ ತಿನ್ನಲು ಏನೂ ಇಲ್ಲದಂತೆ ಮಾಡಿತು. ನಾವು ಹತ್ತು ಹತ್ತು ಹೆಜ್ಜೆಗೊಬ್ಬರಂತೆ ಸೊಪ್ಪು ಹಿಡಿದು ನಿಂತು, ಇತ್ತ ಹಾರಿದ ಕಿಡಿ ಬಡಿದೆವು. ಈ ಎದುರು ಬೆಂಕಿಯನ್ನು ಓದಿ ಕಲಿತು ಮಾಡಲು ಹೋಗಬೇಡಿ. ಗಾಳಿ ತಿರುಗಿದರೆ ಎರಡು ಬೆಂಕಿಯ ನಡುವೆ ಸಿಕ್ಕಿಬೀಳುವವರು ನಾವೇ.

ಫೋನು ಮಾಡುವುದರಲ್ಲೂ ನಾವು ಅರ್ಧ ಗಂಟೆ ಕಳೆದೆವು. ಎಲ್ಲರೂ ಬೇರೆಯವರು ಮಾಡಿರ್ತಾರೆ ಅಂದುಕೊಂಡರು. ಅಗ್ನಿಶಾಮಕಕ್ಕೆ 101 ಅಥವಾ 112, ಅರಣ್ಯ ಸಹಾಯವಾಣಿ 1926. ಕಾಡಿಗೆ ಬೆಂಕಿ ಬಿದ್ದರೆ ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆಯಿಂದ ಹೆಸರು ನೋಂದಾಯಿಸಿದವರ ಫೋನಿಗೆ ಸೂಚನೆ ಬರುತ್ತದೆ. ಆದರೆ ಆ ಉಪಗ್ರಹಗಳು ದಿನಕ್ಕೆ ಕೆಲವೇ ಸಲ ನಮ್ಮ ಮೇಲೆ ಹಾದುಹೋಗುತ್ತವೆ. ಹೊಗೆ ಮೊದಲು ಕಾಣುವುದು ದನ ಕಾಯುವವನಿಗೆ. ಭದ್ರಾವತಿಯಿಂದ ಅಗ್ನಿಶಾಮಕ ಗಾಡಿ ಬಂತು. ದಪ್ಪ ಗಾಡಿ ಗುಡ್ಡ ಹತ್ತುವುದಿಲ್ಲ, ಮನೆ ಕಾಯಲು ಅದು ಬೇಕು. ಓಣಿಯಲ್ಲಿ ನಿಂತ ಎತ್ತಿನ ಗಾಡಿ ಸರಿಸಿಡಿ. ನೀರು ತುಂಬಿಕೊಳ್ಳಲು ಕೆರೆಯೋ ಬೋರೋ ತೋರಿಸಲು ಒಬ್ಬ, ಡಾಂಬರು ರಸ್ತೆಯ ತಿರುವಿನಲ್ಲಿ ದಾರಿ ತೋರಿಸಲು ಒಬ್ಬ ಇರಲಿ. ಬೆಂಕಿ ವಿದ್ಯುತ್ ಲೈನಿನ ಕೆಳಗೆ ಬಂದರೆ ಮೆಸ್ಕಾಂನವರಿಗೆ ಹೇಳಿ ಕರೆಂಟ್ ತೆಗೆಸಬೇಕು. ಆದರೆ ಬೋರಿನಿಂದ ತೊಟ್ಟಿ, ಡ್ರಮ್ಮು ತುಂಬಿಸಿಕೊಂಡ ಮೇಲೆ. ಇದು ನಮಗೆ ಹೊಳೆಯಲೇ ಇಲ್ಲ, ಕರೆಂಟ್ ಹೋದ ಮೇಲೆ ನೀರಿಗೆ ಪರದಾಡಿದೆವು.

ದನಗಳ ಹಗ್ಗ ಮೊದಲೇ ಬಿಚ್ಚಿ ಬಯಲಿಗೆ ಹೊಡೆಯಿರಿ. ಮುದುಕರು, ಉಬ್ಬಸದವರು, ಮಕ್ಕಳು ಹೊಗೆ ಬರುವ ಮುಂಚೆ ಗಾಳಿಯ ಎದುರು ದಿಕ್ಕಿಗೆ ಹೋಗಲಿ. ಬೆಂಕಿಗೆ ಹೋಗುವವರು ಹತ್ತಿ ಬಟ್ಟೆ ಹಾಕಬೇಕು. ನನ್ನ ತಮ್ಮನ ಮಗ ಟೆರಿಲಿನ್ ಅಂಗಿಯಲ್ಲಿದ್ದ. ಕಿಡಿ ಬಿದ್ದು ಬಟ್ಟೆ ಕರಗಿ ತೋಳಿಗೆ ಅಂಟಿತು. ಯಾರೋ ಕೀಳಲು ಹೋದರು, ಇನ್ನೊಬ್ಬರು ಪೇಸ್ಟ್ ಹಚ್ಚಿ ಅಂದರು. ಎರಡೂ ಬೇಡ. ಅಂಟಿದ ಬಟ್ಟೆ ಹಾಗೇ ಬಿಟ್ಟು ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಟ್ಟು, ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು. ಅವನನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ದೆವು. ಕಲೆ ಉಳಿದಿದೆ, ಕೈ ಚೆನ್ನಾಗಿದೆ.

ಮನೆಗಳು ಉಳಿದವು. ನನ್ನ ಬಣವೆ ಮಾತ್ರ ಹೋಯಿತು, ಅದೂ ಮೂರನೆಯ ರಾತ್ರಿ. ಬೆಂಕಿ ಆರಿತು ಅಂತ ಎಲ್ಲರೂ ಮಲಗಿದ್ದೆವು. ಕಾಡಂಚಿನ ಒಂದು ಮತ್ತಿ ಕೊರಡು ಒಳಗೊಳಗೇ ಕೆಂಡವಾಗಿತ್ತು. ಗಾಳಿಗೆ ಕಿಡಿ ಬಂದು ಬಿತ್ತು. ಎರಡು ಎತ್ತಿನ ಆರು ತಿಂಗಳ ಮೇವು. ಕೊರಡು, ಬೊಡ್ಡೆ, ಬಿದಿರು ಮೆಳೆಯ ಬುಡವನ್ನು ಅಗೆದು ನೀರು ಹಾಕಿ, ಹೊಗೆ ಪೂರ್ತಿ ನಿಂತ ಮೇಲೂ ಎರಡು ಮೂರು ರಾತ್ರಿ ಸರದಿ ಕಾವಲು ಇರಬೇಕಿತ್ತು. ಮೇವು ಕೊಂಡು ತಂದೆ, ಒಂದು ಎತ್ತು ಮಾರಬೇಕಾಗಿ ಬಂತು.

ಈಗ ಜನವರಿಯಲ್ಲಿ ಇಲಾಖೆಯವರು ಬೆಂಕಿ ರೇಖೆ ತೆಗೆಯುವಾಗ ಮನೆಗೊಬ್ಬರಂತೆ ಹೋಗಿ ಗಾಡಿದಾರಿಯನ್ನೂ ಗುಡಿಸುತ್ತೇವೆ. ಬಣವೆಗಳನ್ನು ಊರ ಕೆಳಗಿನ ಕಣಕ್ಕೆ ಒಯ್ದಿದ್ದೇವೆ, ದೂರ ಅಂತ ಹೆಂಗಸರು ಬಯ್ಯುತ್ತಾರೆ. ಬದುವಿನ ಹುಲ್ಲು ಕೊಯ್ದು ದನಕ್ಕೆ ಹಾಕುತ್ತೇವೆ, ಬೆಂಕಿ ಇಡುವುದಿಲ್ಲ. ಅವತ್ತು ಕಡ್ಡಿ ಗೀರಿದಾತನಿಗೆ ರಸ್ತೆ ತಿರುವಿನಲ್ಲಿ ನಿಂತು ದಾರಿ ತೋರಿಸುವ ಕೆಲಸ ಒಪ್ಪಿಸಿದ್ದೇವೆ. ಬೇಡ ಅನ್ನಲಿಲ್ಲ.