ಕಾರವಾರದಲ್ಲಿ ಒಂದು ದಿನ

ಬಿಸಿಲನ್ನು ಕಂಡು ಹೆದರುವ ಜನ ನಾವಲ್ಲ. ನವಲಗುಂದದ ಎರೆಭೂಮಿ ಏಪ್ರಿಲ್ ಬರುವ ಮೊದಲೇ ಕಾಲು ಹೋಗುವಷ್ಟು ಬಿರಿದಿರುತ್ತದೆ. ಆದರೆ ಕಳೆದ ಮೇ ತಿಂಗಳಲ್ಲಿ ಊರಿನ ನಲವತ್ತು ಮಂದಿಯೊಡನೆ ಕಾರವಾರದಲ್ಲಿ ಬಸ್ಸಿನಿಂದ ಇಳಿದಾಗ ಎದುರಾದ ಬಿಸಿಲೇ ಬೇರೆ. ನಮ್ಮ ಬಿಸಿಲು ಸುಡುತ್ತದೆ, ಅಲ್ಲಿಯದು ಬೇಯಿಸುತ್ತದೆ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತು.

ನಸುಕಿನ ನಾಲ್ಕಕ್ಕೆ ಹೊರಟಿದ್ದೆವು. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿ ಘಟ್ಟ ಇಳಿದು ಅಂಕೋಲೆ ಸೇರುವವರೆಗೆ ಹಲವರು ನಿದ್ರೆಯಲ್ಲಿದ್ದರು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನಮ್ಮ ಗುಂಪಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಸಮುದ್ರವನ್ನು ಒಮ್ಮೆಯೂ ಕಂಡವರಲ್ಲ. ಅವರಿಗೋಸ್ಕರವೇ ಈ ಪ್ರವಾಸ ಎಂದರೂ ತಪ್ಪಲ್ಲ.

ನೋಡಬೇಕಾದುದನ್ನೆಲ್ಲ ನೋಡಿದೆವು. ಕಡಲ ದಂಡೆಯಲ್ಲಿ 'ಚಪಲ್' ಯುದ್ಧನೌಕೆಯನ್ನು ನಿಲ್ಲಿಸಿದ್ದಾರೆ. 2006ರಿಂದ ಅದು ವಸ್ತು ಸಂಗ್ರಹಾಲಯವಾಗಿದೆ. ಮಕ್ಕಳನ್ನು ಅದರೊಳಗಿನಿಂದ ಹೊರಗೆ ಕರೆತರುವುದೇ ಒಂದು ಯುದ್ಧವಾಯಿತು. ಕಾಳಿ ನದಿಯ ಬಳಿಗೆ ಹೋಗಿ, 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆಯ ಸೇತುವೆ ಲಾರಿಯೊಂದರ ಸಮೇತ ಕುಸಿದ ಸ್ಥಳವನ್ನೂ, ಆಚೆ ದಡದ ಸದಾಶಿವಗಡದ ಗುಡ್ಡವನ್ನೂ ಕಂಡೆವು. ಈ ದಂಡೆಗೆ ರವೀಂದ್ರನಾಥ ಟಾಗೋರರ ಹೆಸರಿದೆ. ಅವರ ಅಣ್ಣ, ಐ.ಸಿ.ಎಸ್. ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥರು, ಇಲ್ಲಿ ನ್ಯಾಯಾಧೀಶರಾಗಿದ್ದರು. ಅಣ್ಣನ ಮನೆಗೆ ಬಂದಿದ್ದ ತರುಣ ಕವಿ 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಬರೆದದ್ದು ಇಲ್ಲಿಯೇ. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ; ಕೇಳುತ್ತಿದ್ದವರು ಇಬ್ಬರೋ ಮೂವರೋ.

ಅಜ್ಜಿ ಮಾತ್ರ ಅಲೆಯ ಅಂಚಿನಲ್ಲಿ ಬಹಳ ಹೊತ್ತು ನಿಂತಿದ್ದರು. ಬಾಗಿ ಒಂದು ಬೊಗಸೆ ನೀರೆತ್ತಿ ಬಾಯಿಗಿಟ್ಟು ಉಗಿದರು. "ಫಾದರ್, ಇಷ್ಟ್ ನೀರೈತಿ, ಒಂದ್ ಗುಟುಕು ಕುಡ್ಯಾಕ ಬರಂಗಿಲ್ಲಲ್ರೀ! ನಮ್ಮ ಹೊಳಿ ನೀರೆಲ್ಲಾ ಇದರಾಗ ಸುರದ್ರ ಯಾರಿಗೇನ್ ಬಂತು?"

ಸಮುದ್ರ ಉಪ್ಪೇಕೆ ಎಂದು ಅರಿಸ್ಟಾಟಲ್ ಪುಟಗಟ್ಟಲೆ ಚರ್ಚಿಸಿದ್ದಾನೆ. ಎಲ್ಲಕ್ಕೂ ನೀರೇ ಮೂಲವೆಂದ ಥೇಲೀಸನೂ ಮಿಲೇಟಸ್ ಎಂಬ ಕಡಲ ಪಟ್ಟಣದವನೇ. ತತ್ತ್ವಶಾಸ್ತ್ರದ ತರಗತಿಯಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿದ ನನ್ನಲ್ಲಿ ಅಜ್ಜಿಯ ಪ್ರಶ್ನೆಗೆ ಉತ್ತರವಿರಲಿಲ್ಲ. ಅದು ಒಬ್ಬರ ಪ್ರಶ್ನೆಯೂ ಅಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗುಂಡೇಟಿಗೆ ರೈತರು ಬಿದ್ದದ್ದು ಮಲಪ್ರಭೆಯ ಕಾಲುವೆಯ ಕರದ ವಿಷಯದಲ್ಲಿ. ಆ ಮಲಪ್ರಭೆಗೆ ಮಹದಾಯಿಯಿಂದ 3.9 ಟಿಎಂಸಿ ಅಡಿ ನೀರು ತಿರುಗಿಸಿಕೊಳ್ಳಲು ನ್ಯಾಯಮಂಡಳಿ ಒಪ್ಪಿದ್ದು 2018ರಲ್ಲಿ. ಪಶ್ಚಿಮಕ್ಕೆ ಹರಿಯುವ ನೀರು ಸಮುದ್ರ ಸೇರಿ ವ್ಯರ್ಥವಾಗುತ್ತದೆ ಎಂಬ ಮಾತನ್ನು ನಮ್ಮ ಊರಿನಲ್ಲಿ ಆಡದವರಿಲ್ಲ. ನಾನೂ ಆಡಿದ್ದೇನೆ.

ಪಕ್ಕದಲ್ಲಿ ಮೀನಿನ ಬುಟ್ಟಿ ಇಳಿಸಿ ಕುಳಿತಿದ್ದ ಹೆಂಗಸೊಬ್ಬರು ಈ ಮಾತನ್ನು ಕೇಳಿಸಿಕೊಂಡರು. ಮನೆಮಾತು ಕೊಂಕಣಿಯಾದರೂ ಸೊಗಸಾದ ಕನ್ನಡ. "ಅಜ್ಜಿ, ನಿಮ್ಮ ನೀರು ನಮಗೆ ಬೇಕು" ಎಂದರು. ಮೇಲಿನಿಂದ ಸಿಹಿನೀರು ಬರದಿದ್ದರೆ ಉಪ್ಪುನೀರು ಹೊಳೆಯಲ್ಲಿ ಹಿಮ್ಮುಖವಾಗಿ ಏರುತ್ತದೆ, ದಂಡೆಯ ಬಾವಿಗಳು ಉಪ್ಪಾಗುತ್ತವೆ. ಸಿಹಿಯೂ ಉಪ್ಪೂ ಬೆರೆಯುವ ಅಳಿವೆಯಲ್ಲಿಯೇ ಮೀನು ಮರಿ ಹಾಕುತ್ತದೆ, ಬಳಚು ಬೆಳೆಯುತ್ತದೆ. ಗಜನಿ ಗದ್ದೆಯ ಕಗ್ಗ ಭತ್ತಕ್ಕೂ ಮಳೆಗಾಲದ ಸಿಹಿನೀರು ಬಂದು ಉಪ್ಪನ್ನು ತೊಳೆಯಬೇಕು. "ನೀವು ಅಲ್ಲಿ ಕಟ್ಟಿದರೆ ನಮ್ಮ ಬಲೆ ಇಲ್ಲಿ ಬರಿದು" ಎಂದು ಅವರು ನಕ್ಕರು. ಅಜ್ಜಿ ನಗಲಿಲ್ಲ. "ನಮಗ ಕುಡ್ಯಾಕಾರ ಬ್ಯಾಡೇನವಾ?" ಎಂದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುಡಿಯುವುದಕ್ಕೆ ಬೇಡವೆಂದು ಯಾರು ಹೇಳುತ್ತಾರೆ?" ಎಂದರು. ಹಾಗಾದರೆ ಎಷ್ಟು ಎಂಬುದೇ ಪ್ರಶ್ನೆ. ಬೇಡ್ತಿಯನ್ನು ವರದೆಗೆ ಜೋಡಿಸುವ ಯೋಜನೆಯ ಬಗೆಗೆ ಘಟ್ಟದ ಮೇಲೂ ಕೆಳಗೂ ನಡೆದಿರುವ ವಾದವೆಲ್ಲ ಈ 'ಎಷ್ಟು' ಎಂಬುದರ ಸುತ್ತಲೇ ಇದೆ. ಆದರೆ ವಾದಿಸುವವರು ಹೀಗೆ ಒಂದೇ ಮರಳಿನ ಮೇಲೆ ಕುಳಿತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆಗ ನಾನು ಮರಳಿನ ಮೇಲೆ ಕಡ್ಡಿಯಿಂದ ಒಂದು ನಕ್ಷೆ ಬರೆದು ತೋರಿಸಿದೆ. ಧಾರವಾಡ ಜಿಲ್ಲೆ ಮನೆಯ ಮಾಳಿಗೆ ಇದ್ದಂತೆ, ನೀರು ಎರಡೂ ಕಡೆ ಇಳಿಯುತ್ತದೆ. ಕುಂದಗೋಳ, ನವಲಗುಂದಗಳ ಬೆಣ್ಣೆಹಳ್ಳ ಮಲಪ್ರಭೆಯನ್ನು ಸೇರಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಅಂಕೋಲೆಯ ಬಳಿ ಈ ಕಡಲನ್ನೇ ಸೇರುತ್ತದೆ. 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದು ಜನರನ್ನೂ ವಾಹನಗಳನ್ನೂ ನುಂಗಿದ್ದು ಅದೇ ಗಂಗಾವಳಿಯ ದಡದಲ್ಲಿ ಎಂದಾಗ ಎಲ್ಲರೂ ಮೌನವಾದರು. "ನಮ್ಮ ಧಾರವಾಡದ ನೀರs ಅಲ್ಲೇನ್ರೀ ಅದು" ಎಂದು ಅಜ್ಜಿ ಎರಡು ಬಾರಿ ಹೇಳಿಕೊಂಡರು.

ಊಟದ ಹೊತ್ತಿಗೆ ಆ ಹೆಂಗಸಿಗೂ ರೊಟ್ಟಿ ಕೊಟ್ಟೆವು. ಕಟಕ ರೊಟ್ಟಿಯನ್ನು ಮುರಿಯುವುದು ಹೇಗೆಂದು ಅಜ್ಜಿ ಕಲಿಸಿಕೊಟ್ಟರು. ಪ್ರತಿಯಾಗಿ ಒಣಮೀನಿನ ಪೊಟ್ಟಣವೊಂದು ಬಂತು. ಹಿಂದಿರುಗುವಾಗ ಅದರ ವಾಸನೆಗೆ ಚಾಲಕ ಘಟ್ಟದುದ್ದಕ್ಕೂ ಗೊಣಗುತ್ತಲೇ ಇದ್ದ. ಅಜ್ಜಿಯ ಮಡಿಲಲ್ಲಿ ಸಮುದ್ರದ ನೀರು ತುಂಬಿದ ಬಾಟಲಿಯಿತ್ತು, ಮೊಮ್ಮಕ್ಕಳಿಗೆ ರುಚಿ ತೋರಿಸಲು.

ನವಲಗುಂದ ತಲುಪಿದಾಗ ರಾತ್ರಿ ಹನ್ನೊಂದು. ನಲ್ಲಿಗೆ ನೀರು ಬಿಡುವುದು ನಾಳೆಯೋ ನಾಡಿದ್ದೋ ಎಂದು ಹೆಂಗಸರು ಬಸ್ಸಿನಿಂದ ಇಳಿಯುತ್ತಲೇ ವಿಚಾರಿಸತೊಡಗಿದರು.