ಉಗಿ ಬಾಯ್ಲರಿನ ನೀರು: ಕೆಡುವ ಬಗೆ, ಕಾರಣ ಹುಡುಕುವ ಕ್ರಮ

ನ್ಯೂಯಾರ್ಕ್, ಬಾಸ್ಟನ್ ಮುಂತಾದ ಅಮೆರಿಕದ ನಗರಗಳ ಹಳೆಯ ಮನೆಗಳಲ್ಲಿ ಚಳಿಗಾಲದ ಬೆಚ್ಚನೆಗೆ ಇಂದಿಗೂ ಉಗಿಯೇ ಆಧಾರ. ನೆಲಮಾಳಿಗೆಯ ಬಾಯ್ಲರಿನಲ್ಲಿ ಕುದಿದ ನೀರು ಉಗಿಯಾಗಿ ಕೋಣೆಗಳ ರೇಡಿಯೇಟರುಗಳಿಗೆ, ಅಂದರೆ ಶಾಖ ಸೂಸುವ ಎರಕದ ಕಬ್ಬಿಣದ ಪೆಟ್ಟಿಗೆಗಳಿಗೆ ಏರುತ್ತದೆ. ಅಲ್ಲಿ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ನೀರಾಗಿ, ತನ್ನ ಭಾರದಿಂದಲೇ ಇಳಿದು ಬಾಯ್ಲರನ್ನು ಸೇರುತ್ತದೆ. ಒಂದೇ ನೀರು ಹೀಗೆ ಮತ್ತೆ ಮತ್ತೆ ಸುತ್ತುವುದರಿಂದ, ಸುಸ್ಥಿತಿಯಲ್ಲಿರುವ ವ್ಯವಸ್ಥೆಗೆ ಹೊಸ ನೀರು ಬೇಕಾಗುವುದು ತೀರ ಅಲ್ಪ. ನೀರಿನ ದೋಷಗಳನ್ನು ಅರಿಯಲು ಹೊರಟವರು ಮೊದಲು ಗಮನಿಸಬೇಕಾದದ್ದು ಈ ಸಂಗತಿಯನ್ನೇ.

ಬಾಯ್ಲರಿನ ಪಕ್ಕದಲ್ಲಿ ಒಳಗಿನ ನೀರಿನ ಮಟ್ಟವನ್ನು ತೋರಿಸುವ ಲಂಬವಾದ ಗಾಜಿನ ಕೊಳವೆಯೊಂದಿರುತ್ತದೆ. ಕುದಿಯುವಾಗ ಅದರೊಳಗಿನ ನೀರು ತುಸು ಅಲುಗಾಡುವುದು ಸಹಜ. ಆದರೆ ಮಟ್ಟವು ಅಂಗುಲಗಟ್ಟಲೆ ಏರಿಳಿಯತೊಡಗಿದರೆ, ನೀರು ಉಗಿಯೊಡನೆ ಸೇರಿ ಮೇಲಿನ ಕೊಳವೆಗಳಿಗೆ ಹೋಗುತ್ತಿದೆಯೆಂದು ಶಂಕಿಸಬೇಕಾಗುತ್ತದೆ. ಹಾಗೆ ಹೋದ ನೀರಿನಿಂದ ಕೊಳವೆಗಳಲ್ಲಿ ಸುತ್ತಿಗೆ ಬಡಿದಂಥ ಸದ್ದು ಏಳುತ್ತದೆ, ರೇಡಿಯೇಟರಿನ ಗಾಳಿ ಬಿಡುವ ಕವಾಟಗಳು ನೀರುಗುಳುತ್ತವೆ. ಇತ್ತ ಬಾಯ್ಲರಿನಲ್ಲಿ ಮಟ್ಟ ಕುಸಿದಾಗ ಸ್ವಯಂಚಾಲಿತ ಪೂರಕ ಯಂತ್ರವು ಹೊಸ ನೀರನ್ನು ಒಳಬಿಡುತ್ತದೆ; ಸ್ವಲ್ಪ ಹೊತ್ತಿಗೆ ಹೋದ ನೀರೂ ಹಿಂದಿರುಗಿ, ಬಾಯ್ಲರು ಅಗತ್ಯಕ್ಕಿಂತ ಹೆಚ್ಚು ತುಂಬಿಬಿಡುತ್ತದೆ.

ಹೊಸದಾಗಿ ಕೂರಿಸಿದ ಬಾಯ್ಲರಿನಲ್ಲಿ ಈ ಲಕ್ಷಣ ಕಂಡುಬಂದರೆ ಮೊದಲು ಶಂಕಿಸಬೇಕಾದದ್ದು ಎಣ್ಣೆಯನ್ನು. ಕೊಳವೆಗಳ ತುದಿಗೆ ತಿರುಪಿನ ಸುರುಳಿಗೆರೆ ಕೊರೆಯುವಾಗ ಬಳಸಿದ ಎಣ್ಣೆಯೂ ತಯಾರಿಕೆಯಲ್ಲಿ ಭಾಗಗಳಿಗೆ ಅಂಟಿಕೊಂಡ ಜಿಡ್ಡೂ ನೀರಿನ ಮೇಲೆ ಪದರವಾಗಿ ತೇಲಿ, ಉಗಿಯ ಗುಳ್ಳೆಗಳು ಸಲೀಸಾಗಿ ಒಡೆಯದಂತೆ ತಡೆಯುತ್ತವೆ. ತಳದ ನಲ್ಲಿಯಿಂದ ನೀರನ್ನೆಲ್ಲ ಹರಿಯಬಿಟ್ಟರೆ ಇದು ಪರಿಹಾರವಾಗುವುದಿಲ್ಲ, ಏಕೆಂದರೆ ನೀರು ಇಳಿದಂತೆ ತೇಲುವ ಎಣ್ಣೆಯೂ ಇಳಿದು ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ನೀರಿನ ಮಟ್ಟಕ್ಕಿಂತ ಮೇಲಿರುವ ಪಕ್ಕದ ರಂಧ್ರವನ್ನು ತೆರೆದು, ನೀರನ್ನು ಬಿಸಿಯಾಗಿಯೂ ಆದರೆ ಉಗಿ ಏಳದಂತೆಯೂ ಇರಿಸಿ, ಕೆಳಗಿನಿಂದ ಹೊಸ ನೀರನ್ನು ಅತಿ ನಿಧಾನವಾಗಿ ಸೇರಿಸುತ್ತ, ಮೇಲ್ಪದರವು ಪೆನ್ಸಿಲ್ ಗಾತ್ರದ ಧಾರೆಯಾಗಿ ಹೊರಹರಿಯುವಂತೆ ಮಾಡಬೇಕು. ಇದಕ್ಕೆ ಗಂಟೆಗಳೇ ಹಿಡಿಯುತ್ತವೆ, ಹಲವು ಸಲ ಪುನರಾವರ್ತಿಸಬೇಕಾಗಿಯೂ ಬರುತ್ತದೆ. ಬಾಯ್ಲರು ಕೂರಿಸಿದವರು ಅವಸರದಲ್ಲಿ ಕೈಬಿಡುವ ಕೆಲಸವೂ ಬಹುಮಟ್ಟಿಗೆ ಇದೇ. ಅದರ ಫಲವನ್ನು ಮನೆಯವರು ಚಳಿಗಾಲವಿಡೀ ಅನುಭವಿಸುತ್ತಾರೆ.

ಹಳೆಯ ಬಾಯ್ಲರಿನಲ್ಲಿ ನೊರೆ ಕಾಣಿಸಿಕೊಂಡರೆ ಕಾರಣ ಬೇರೆಯಿರಬಹುದು. ತುಕ್ಕು ತಡೆಯಲೆಂದು ಸುರಿದ ರಾಸಾಯನಿಕಗಳು ಮಿತಿ ಮೀರಿದಾಗ ನೀರಿನ ಪಿಎಚ್, ಅಂದರೆ ಆಮ್ಲೀಯತೆ ಮತ್ತು ಕ್ಷಾರತೆಯನ್ನು ಅಳೆಯುವ, 7 ತಟಸ್ಥವೆನಿಸಿರುವ ಅಂಕ, ವಿಪರೀತ ಏರಿ ನೀರು ನೊರೆಗಟ್ಟುತ್ತದೆ. ದೋಷ ನೀರಿನದೋ ಜೋಡಣೆಯದೋ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ: ತಣಿದ ಬಾಯ್ಲರಿನಿಂದ ತೆಗೆದ ನೀರನ್ನು ಅಡುಗೆಗೆ ಬಳಸದ ಪಾತ್ರೆಯಲ್ಲಿ ಕುದಿಸಿದಾಗ ಅದು ನೊರೆಯುಕ್ಕಿದರೆ ನೀರು ಕೆಟ್ಟಿದೆಯೆಂದರ್ಥ, ಉಕ್ಕದಿದ್ದರೆ ಬಾಯ್ಲರಿನ ಮೇಲಿನ ಕೊಳವೆಗಳ ಗಾತ್ರವನ್ನೂ ಜೋಡಣೆಯನ್ನೂ ಪರಿಶೀಲಿಸಬೇಕಾಗುತ್ತದೆ.

ಆದರೆ ಬಾಯ್ಲರಿನ ಆಯುಷ್ಯವನ್ನೇ ಕುಗ್ಗಿಸುವ ದೋಷವು ಗದ್ದಲವಿಲ್ಲದೆ ನಡೆಯುತ್ತದೆ. ಎಲ್ಲಿಯೋ ಸೋರಿದ ನೀರಿನ ಜಾಗಕ್ಕೆ ಬರುವ ಹೊಸ ನೀರು ತನ್ನೊಡನೆ ಮೂರು ಬಗೆಯ ಹಾನಿಯನ್ನು ತರುತ್ತದೆ. ಅದರಲ್ಲಿ ಕರಗಿದ ಆಮ್ಲಜನಕವು ಕಬ್ಬಿಣವನ್ನು ಕುಳಿಕುಳಿಯಾಗಿ ತಿನ್ನುತ್ತದೆ. ಬೈಕಾರ್ಬೊನೇಟ್ ಲವಣಗಳು ಕಾಯ್ದಾಗ ಒಡೆದು ಹೊರಬರುವ ಇಂಗಾಲದ ಡೈಆಕ್ಸೈಡ್ ಉಗಿಯೊಡನೆ ಸಾಗಿ, ತಣಿದ ನೀರಿನಲ್ಲಿ ಕರಗಿ, ಕಾರ್ಬೊನಿಕ್ ಆಮ್ಲವಾಗಿ ಹಿಂದಿರುಗುವ ಕೊಳವೆಗಳ ತಳವನ್ನು ಸವೆಸುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಬಚ್ಚಲ ಹಂಡೆಯ ಒಳಮೈಗೆ ಕಟ್ಟುವಂತೆ ಬಿಳಿಯ ಪದರವಾಗಿ ಕಟ್ಟಿ, ಬೆಂಕಿಯ ಶಾಖವು ನೀರಿಗೆ ದಾಟದಂತೆ ತಡೆಯುವುದರಿಂದ ಎರಕದ ಕಬ್ಬಿಣ ಅತಿಯಾಗಿ ಕಾಯ್ದು ಸೀಳುತ್ತದೆ. ಸೋರಿಕೆಯನ್ನು ಹುಡುಕದೆ ರಾಸಾಯನಿಕವನ್ನಷ್ಟೇ ಸುರಿಯುವುದು ಆದ್ದರಿಂದ ತಪ್ಪು ಕ್ರಮ. ಹೊಸ ನೀರು ಬರುತ್ತಲೇ ಇದ್ದರೆ ಯಾವ ಔಷಧವೂ ಅದರೊಡನೆ ಓಡಿ ಗೆಲ್ಲಲಾರದು.

ಪೂರಕ ನೀರಿನ ಕೊಳವೆಗೆ ಮೀಟರ್ ಅಳವಡಿಸಿ ವಾರವಾರವೂ ಬರೆದಿಟ್ಟರೆ ಸೋರಿಕೆ ತಾನೇ ಬಯಲಾಗುತ್ತದೆ. ಅದು ಬಹುಪಾಲು ನೆಲದಡಿ ಹೂತ ಹಿಂದಿರುಗುವ ಕೊಳವೆಯಲ್ಲಿರುತ್ತದೆ, ಇಲ್ಲವೇ ನೀರಿನ ಮಟ್ಟಕ್ಕಿಂತ ಮೇಲೆ ಬಾಯ್ಲರಿನ ಮೈಯಲ್ಲಿ ಬಿದ್ದ ತೂತಾಗಿರುತ್ತದೆ. ಎರಡನೆಯದರಲ್ಲಿ ಉಗಿ ನೇರವಾಗಿ ಚಿಮಣಿ ಸೇರುವುದರಿಂದ ನೆಲ ಒದ್ದೆಯಾಗುವುದೇ ಇಲ್ಲ. ಇದನ್ನು ಪತ್ತೆಹಚ್ಚಲು, ಪೂರ್ತಿ ತಣಿದ ಬಾಯ್ಲರನ್ನು ಎಂದಿನ ಮಟ್ಟಕ್ಕಿಂತ ಮೇಲಕ್ಕೆ ತುಂಬಿಸಿ ಬೆಂಕಿಯ ಗೂಡಿನಲ್ಲಿ ನೀರು ಜಿನುಗುವುದೇ ಎಂದು ನೋಡುತ್ತಾರೆ. ಕಾಯ್ದ, ನೀರಾರಿದ ಬಾಯ್ಲರಿಗೆ ಮಾತ್ರ ತಣ್ಣೀರನ್ನು ಎಂದಿಗೂ ಬಿಡಬಾರದು. ಎರಕದ ಕಬ್ಬಿಣ ಆ ಆಘಾತವನ್ನು ತಾಳಲಾರದು.

ನೀರು ಕಡಿಮೆಯಾದಾಗ ಬೆಂಕಿಯನ್ನು ಆರಿಸುವ ತೇಲುಗುಂಡಿನ ರಕ್ಷಣಾ ಸಾಧನದಲ್ಲಿಯೂ ಕೆಸರು ಸೇರುವುದರಿಂದ, ಚಳಿಗಾಲದಲ್ಲಿ ವಾರಕ್ಕೊಮ್ಮೆ ಅದರ ನಲ್ಲಿ ತೆರೆದು ಕೆಸರನ್ನು ಹೊರಹಾಕಬೇಕು. ಅದರಿಂದ ಕಡಿಮೆಯಾದಷ್ಟು ನೀರನ್ನು ತುಂಬಿದ ಕೂಡಲೇ ಬಾಯ್ಲರನ್ನು ಉಗಿಯೇಳುವವರೆಗೆ ಉರಿಸಿದರೆ, ಹೊಸ ನೀರಿನ ಆಮ್ಲಜನಕವು ಕಬ್ಬಿಣವನ್ನು ತಿನ್ನುವ ಮೊದಲೇ ಗಾಳಿ ಬಿಡುವ ಕವಾಟಗಳ ಮೂಲಕ ಹೊರಟುಹೋಗುತ್ತದೆ. ವಸಂತದಲ್ಲಿ ಬಾಯ್ಲರನ್ನು ನಿಲ್ಲಿಸುವ ದಿನವೂ ಈ ಕ್ರಮವನ್ನು ಬಿಡುವಂತಿಲ್ಲ, ಏಕೆಂದರೆ ಅಂದು ತುಂಬಿದ ನೀರು ಮುಂದಿನ ಚಳಿಗಾಲದವರೆಗೂ ಅಲ್ಲಿಯೇ ನಿಂತಿರುತ್ತದೆ.