ಸ್ಟೇಕಿಂಗ್: ವ್ಯಾಲಿಡೇಟರ್ ಆರಿಸುವ ಮುನ್ನ

ಹುನಗುಂದ ತಾಲ್ಲೂಕಿನ ಐಹೊಳೆಯ ಹೆಸರು ಹೊತ್ತ ‘ಐನೂರ್ವರು’ ವರ್ತಕ ಸಂಘದ ಶಾಸನವೊಂದು ದೂರದ ಸುಮಾತ್ರದಲ್ಲಿ ಸಿಕ್ಕಿದೆ, ಕಾಲ ಕ್ರಿ.ಶ. 1088. ಕಡಲಾಚೆಗೂ ಆ ಹೆಸರಿಗೆ ಬೆಲೆಯಿತ್ತು. ಇಂದು ಬಾಗಲಕೋಟೆಯಲ್ಲೋ ಇಳಕಲ್ಲಿನಲ್ಲೋ ಕುಳಿತು ಮೊಬೈಲಿನಲ್ಲೇ ಕ್ರಿಪ್ಟೊ ನಾಣ್ಯ ಸ್ಟೇಕ್ ಮಾಡುವವರು ಮುಖ ಕಾಣದ ಯಾರನ್ನು ನಂಬಬೇಕು?

ಬ್ಲಾಕ್‌ಚೈನ್ ಎಂದರೆ ಹಲವಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುವ ಲೆಕ್ಕದ ಖಾತೆ. ಬಿಟ್‌ಕಾಯಿನ್‌ನಲ್ಲಿ ಹೊಸ ಪುಟ, ಅಂದರೆ ಬ್ಲಾಕ್, ಸೇರಿಸಲು ಅಪಾರ ವಿದ್ಯುತ್ ಸುಡಬೇಕು. ಇನ್ನೊಂದು ವಿಧಾನದಲ್ಲಿ ನಾಣ್ಯವನ್ನೇ ಪಣವಿಟ್ಟರಾಯಿತು, ಇದೇ ಸ್ಟೇಕಿಂಗ್. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಈ ದಾರಿಗೆ ಹೊರಳಿದಾಗ ಅದರ ವಿದ್ಯುತ್ ಬಳಕೆ ಶೇ 99ಕ್ಕಿಂತ ಹೆಚ್ಚು ಇಳಿಯಿತು. ಹಗಲಿರುಳು ಸರ್ವರ್ ನಡೆಸಿ ವಹಿವಾಟು ತಾಳೆ ನೋಡುವವರೇ ವ್ಯಾಲಿಡೇಟರುಗಳು. ಅದು ಎಲ್ಲರ ಕೈಲಾಗುವ ಕೆಲಸವಲ್ಲ. ಕಾಸ್ಮೋಸ್ ಹಬ್‌ನಂಥ ಜಾಲದಲ್ಲಿ ಸಾಮಾನ್ಯರು ತಮ್ಮ ನಾಣ್ಯದ ಬಲವನ್ನು ಅವರಿಗೆ ಒಪ್ಪಿಸುತ್ತಾರೆ. ನಾಣ್ಯವನ್ನು ಅವರು ಕದ್ದೊಯ್ಯಲಾರರು. ಆದರೆ ಅವರ ತಪ್ಪಿಗೆ ನಿಮಗೂ ದಂಡ ಬೀಳುತ್ತದೆ.

ಹಲವರ ಕಣ್ಣು ಮೊದಲು ಹೋಗುವುದು ಪ್ರತಿಫಲದಲ್ಲಿ ವ್ಯಾಲಿಡೇಟರ್ ಹಿಡಿದುಕೊಳ್ಳುವ ಕಮಿಷನ್ ಮೇಲೆ. 1,000 ನಾಣ್ಯಕ್ಕೆ ವರ್ಷಕ್ಕೆ 100 ಪ್ರತಿಫಲ ಎಂದಿಟ್ಟುಕೊಳ್ಳಿ. ಶೇ 10ರ ಬದಲು ಶೇ 5 ಕಮಿಷನ್ ಕೊಟ್ಟರೆ ಉಳಿಯುವುದು ಐದೇ ನಾಣ್ಯ. ಅದೇ ವ್ಯಾಲಿಡೇಟರ್ ಒಂದೇ ಸ್ಥಾನಕ್ಕೆ ಎರಡು ಬೇರೆ ಬ್ಲಾಕುಗಳಿಗೆ ಸಹಿ ಹಾಕಿದರೆ ಕಾಸ್ಮೋಸ್ ಹಬ್ ನಿಮ್ಮ ಅಸಲಿನಲ್ಲೇ ಶೇ 5, ಅಂದರೆ 50 ನಾಣ್ಯ ಕತ್ತರಿಸುತ್ತದೆ. ಹತ್ತು ವರ್ಷದ ಉಳಿತಾಯ ಒಂದೇ ತಪ್ಪಿಗೆ ಮಾಯ! ಸರ್ವರ್ ಬಹಳ ಹೊತ್ತು ಕೆಟ್ಟು ನಿಂತರೆ ದಂಡ ಶೇ 0.01 ಅಷ್ಟೇ, ಆದರೆ ಅದು ಮರಳುವ ತನಕ ಪ್ರತಿಫಲವೂ ಇಲ್ಲ. ಸಾಕೆಂದು ನಾಣ್ಯ ಬಿಡಿಸಿಕೊಳ್ಳಲು 21 ದಿನ ಕಾಯಬೇಕು. ಹಾಗಾಗಿ ಸಹಿ ತಪ್ಪಿಸಿದ ದಾಖಲೆ, ಅವರದೇ ಸ್ವಂತ ಪಣ, ಕಮಿಷನ್ನಿನ ಗರಿಷ್ಠ ಮಿತಿ ಈ ಮೂರನ್ನೂ ನೋಡಿ. ಇಂದು ಕಡಿಮೆ ಕಮಿಷನ್ ಎಂದವರು ಮುಂದೆ ಆ ಮಿತಿಯವರೆಗೂ ಏರಿಸಬಹುದು.

ಪಟ್ಟಿಯ ಮೇಲಿನ ಹೆಸರನ್ನೇ ಒತ್ತಿಬಿಡುವುದು ಇನ್ನೊಂದು ರೂಢಿ. ಇದರಿಂದ ದೊಡ್ಡವರು ಇನ್ನಷ್ಟು ಬೆಳೆಯುತ್ತಾರೆ. ಒಟ್ಟು ಪಣದ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಕೆಲವರ ಕೈಸೇರಿದರೆ ಅವರು ಒಟ್ಟುಗೂಡಿ ಇಡೀ ಜಾಲವನ್ನೇ ನಿಲ್ಲಿಸಬಹುದು. ಕಾರ್ಡಾನೊ ಜಾಲ ಇದಕ್ಕೊಂದು ಮದ್ದು ಕಂಡುಕೊಂಡಿದೆ: ಪಣ ಮಿತಿ ಮೀರಿ ಬೆಳೆದ ಸ್ಟೇಕ್ ಗುಂಪಿನಲ್ಲಿ (ಪೂಲ್) ಪ್ರತಿಯೊಬ್ಬರ ಪ್ರತಿಫಲ ಇಳಿಯುತ್ತದೆ. ಒಪ್ಪಿಸುವುದು ಪಣದ ಬಲವನ್ನಷ್ಟೇ ಅಲ್ಲ, ಮತವನ್ನೂ: ಕಾಸ್ಮೋಸ್‌ನಲ್ಲಿ ನಿಯಮ ಬದಲಿಸುವ ಪ್ರಸ್ತಾಪಕ್ಕೆ ನೀವು ಮತ ಹಾಕದಿದ್ದರೆ ವ್ಯಾಲಿಡೇಟರ್ ಹಾಕಿದ ಮತವೇ ನಿಮ್ಮದೂ ಆಗುತ್ತದೆ.

ನಾಣ್ಯದ ಬೆಲೆಯೇ ಕುಸಿದರೆ ಯಾವ ವ್ಯಾಲಿಡೇಟರೂ ಕಾಪಾಡಲಾರರು. ಲಾಭಕ್ಕೆ ಮಾರಿದರೆ ನಮ್ಮಲ್ಲಿ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆಯೂ ಇದೆ. ಇವನ್ನೆಲ್ಲ ತೂಗಿ ನೋಡಿದ ಮೇಲೂ ಸ್ಟೇಕ್ ಮಾಡುವುದಾದರೆ, ದಾಖಲೆ ಚೊಕ್ಕಟವಾಗಿರುವ, ಪಟ್ಟಿಯ ನಡುವಿನ ಇಬ್ಬರು ಮೂವರಿಗೆ ಹಂಚಿ. ನಿಮ್ಮ ನಷ್ಟದ ಭಯವೂ ತಗ್ಗುತ್ತದೆ, ಜಾಲವೂ ಗಟ್ಟಿಯಾಗುತ್ತದೆ.